ಚಿಟಿಕೆ ಉಪ್ಪು, ಹಿಡಿ ಬೆಲ್ಲ ಮತ್ತು ಒಂದು ಕೋಟಿ ಮನೆ

ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇಷ್ಟನ್ನು ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಹೋದರೆ ವಾಂತಿಭೇದಿಯಿಂದ ಬಸವಳಿದ ಮಗು ಬದುಕಿಕೊಳ್ಳುತ್ತದೆ. ಇದನ್ನು ಒಬ್ಬ ಉಮ್ಮನಿಗೆ ಹೇಳಿಕೊಡಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ ಸಾಕು ಎಂದು ನಾವೆಲ್ಲ ಹೇಳಿಬಿಡುತ್ತೇವೆ. ಆದರೆ ಬಾಂಗ್ಲಾದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಉಮ್ಮಂದಿರಿಗೆ ಇದನ್ನು ಹೇಳಿಕೊಡಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷವೂ ಹೇಳಿಕೊಡಲು ಹೋದವರೇ ಹೆಚ್ಚು ಕಲಿತರು.

ಆ ಕತೆಯನ್ನು ಈ ವಾರ ಬರೆಯಲು ಕಾರಣ ಉಂಟು. ನಮ್ಮ ಮೊಹಲ್ಲಾಗಳಲ್ಲಿ ಜಾಗೃತಿ ಕಾರ್ಯಕ್ರಮಕ್ಕೇನೂ ಬರಗಾಲವಿಲ್ಲ. ಮಾದಕ ವಸ್ತುಗಳ ವಿರುದ್ಧ, ವರದಕ್ಷಿಣೆಯ ವಿರುದ್ಧ, ಮದುವೆಯ ದುಂದುವೆಚ್ಚದ ವಿರುದ್ಧ, ಮೊಬೈಲ್ ಹುಚ್ಚಿನ ವಿರುದ್ಧ. ಶಾಮಿಯಾನ, ಮೈಕ್, ದುಆ, ಸ್ವಾಗತ, ಭಾಷಣ, ಧನ್ಯವಾದ. ಮರುದಿನ ಪತ್ರಿಕೆಯಲ್ಲಿ ಫೋಟೊ. ಎಲ್ಲವೂ ಒಳ್ಳೆಯ ಉದ್ದೇಶದಿಂದಲೇ ನಡೆಯುವಂಥದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ತಿಂಗಳು ಕಳೆದ ಮೇಲೆ ಕೇಳಿದವರ ಮನೆಗೆ ಹೋಗಿ ‘ಆವತ್ತು ಹೇಳಿದ್ದು ನೆನಪುಂಟಾ? ಮನೆಯಲ್ಲಿ ಏನಾದರೂ ಬದಲಾಯಿತಾ?’ ಎಂದು ಕೇಳಿದವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಬಾಂಗ್ಲಾದೇಶದ ಆ ಜನ ಕೇಳಿಕೊಂಡರು. ಉತ್ತರ ಕೇಳಿ ಅವರಿಗೆ ಬೇಸರವಾಯಿತು. ಆದರೂ ಕೇಳುವುದನ್ನು ನಿಲ್ಲಿಸಲಿಲ್ಲ.

ಢಾಕಾದಲ್ಲಿ ಮದ್ದು, ಹಳ್ಳಿಯಲ್ಲಿ ಮಯ್ಯಿತ್ತು

ಮೊದಲು ಮದ್ದಿನ ವಿಷಯ. ಭೇದಿ ಬಂದ ಮಗುವಿನ ಜೀವ ತೆಗೆಯುವುದು ಹೆಚ್ಚಾಗಿ ಮೈಯ ನೀರು ಮತ್ತು ಉಪ್ಪು ಹರಿದು ಹೋಗುವುದು. ಬರೀ ನೀರು ಕುಡಿಸಿದರೆ ಕರುಳು ಸಾಕಷ್ಟು ಹೀರಿಕೊಳ್ಳುವುದಿಲ್ಲ. ಆದರೆ ಉಪ್ಪಿನ ಜೊತೆಗೆ ಸರಿಯಾದ ಪ್ರಮಾಣದಲ್ಲಿ ಸಿಹಿಯೂ ಇದ್ದರೆ, ಕಾಲರಾ ಬಡಿದ ಕರುಳು ಕೂಡ ಎರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತದೆ. ಅದರ ಬೆನ್ನಿಗೇ ನೀರೂ ಹೋಗುತ್ತದೆ. ಅಲ್ಲಾಹನು ಕರುಳಿನಲ್ಲಿ ಇಟ್ಟ ಈ ಬಾಗಿಲನ್ನು ವಿಜ್ಞಾನಿಗಳು ಗುರುತಿಸಿದ್ದು 20ನೇ ಶತಮಾನದ ಮಧ್ಯದಲ್ಲಿ. 1968ರಲ್ಲಿ, ಆಗಿನ್ನೂ ಪೂರ್ವ ಪಾಕಿಸ್ತಾನವಾಗಿದ್ದ ನೆಲದಲ್ಲಿ, ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಯುವ ಅಮೆರಿಕನ್ ವೈದ್ಯರು ಸ್ಥಳೀಯ ಬಂಗಾಳಿ ವೈದ್ಯರ ಜೊತೆ ಸೇರಿ, ಬಾಯಿಯಿಂದ ಕುಡಿಸುವ ನೀರಿನಿಂದಲೇ ಕಾಲರಾ ರೋಗಿಗಳನ್ನು ಉಳಿಸಬಹುದು ಎಂದು ತೋರಿಸಿಕೊಟ್ಟರು.

1971ರಲ್ಲಿ ಯುದ್ಧದ ಹೊತ್ತಿಗೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಕೊಲ್ಕತ್ತಾದ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡ ಕಲಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟು, ರೋಗಿಯ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ನಮ್ಮ ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅಂದರೆ ಮರಣಾನಂತರ. ಇರಲಿ.

ಹೀಗೆ ಮದ್ದು ಸಿಕ್ಕಿತು. ಸಿಕ್ಕಿದ್ದು ಢಾಕಾದಲ್ಲೇ. ಆದರೆ ಹತ್ತು ವರ್ಷ ಕಳೆದರೂ ಅದೇ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಕ್ಕಳು ಅದೇ ಭೇದಿಯಿಂದ ಸಾಯುತ್ತಿದ್ದರು. 1980ರ ಸುಮಾರಿಗೆ ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು ಇನ್ನೂರು ಮಕ್ಕಳು ಐದು ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದರು. ಐದರಲ್ಲಿ ಒಂದು! ಆ ಸಾವುಗಳಲ್ಲಿ ಭೇದಿಯ ಪಾಲು ದೊಡ್ಡದು. ಆಸ್ಪತ್ರೆ ದೂರ, ಮಳೆಗಾಲದಲ್ಲಿ ದೋಣಿಯೇ ಗತಿ. ಪ್ಯಾಕೆಟ್ ಮಾಡಿ ಹಂಚುವುದಕ್ಕೆ ಅಷ್ಟು ಪ್ಯಾಕೆಟ್ ಇಲ್ಲ, ಹಂಚುವ ದಾರಿಯೂ ಇಲ್ಲ. ಮೇಲಿಂದ, ಭೇದಿಯಾದಾಗ ಮಗುವಿಗೆ ನೀರು, ಆಹಾರ ಕೊಡಬಾರದು ಎಂಬ ಹಳೆಯ ನಂಬಿಕೆ. ‘ಕುಡಿಸಿದಷ್ಟೂ ಹೋಗುತ್ತದೆ’ ಎಂದು ನಮ್ಮ ಅಜ್ಜಿಯಂದಿರೂ ಹೇಳುತ್ತಿದ್ದರಲ್ಲ, ಅದೇ ಮಾತು.

ಲೆಕ್ಕ ಬರೆಯುವ ಮನುಷ್ಯ

ಈ ಕೆಲಸಕ್ಕೆ ಕೈ ಹಾಕಿದ ಸಂಸ್ಥೆಯ ಹೆಸರು ಬ್ರ್ಯಾಕ್. ಕಟ್ಟಿದವರು ಫಝ್ಲೆ ಹಸನ್ ಆಬೆದ್. ಅವರು ಡಾಕ್ಟರೂ ಅಲ್ಲ, ಆಲಿಮರೂ ಅಲ್ಲ. ಓದಿದ್ದು ಲೆಕ್ಕಪತ್ರ. ಚಿತ್ತಗಾಂಗ್‌ನಲ್ಲಿ ಶೆಲ್ ಎಣ್ಣೆ ಕಂಪೆನಿಯಲ್ಲಿ ದೊಡ್ಡ ಉದ್ಯೋಗದಲ್ಲಿದ್ದರು. 1970ರ ನವೆಂಬರ್‌ನಲ್ಲಿ ಬಂದ ಭೀಕರ ಚಂಡಮಾರುತ, ಮರುವರ್ಷದ ಯುದ್ಧ ಎರಡನ್ನೂ ಹತ್ತಿರದಿಂದ ಕಂಡ ಮೇಲೆ ಅವರಿಗೆ ಆ ಉದ್ಯೋಗ ಬೇಡವಾಯಿತು. ಲಂಡನ್‌ನಲ್ಲಿದ್ದ ತಮ್ಮ ಫ್ಲ್ಯಾಟ್ ಮಾರಿ, ಆ ಹಣ ಹಿಡಿದುಕೊಂಡು 1972ರಲ್ಲಿ ಸಿಲ್ಹೆಟ್ ಕಡೆಯ ಸುಲ್ಲಾ ಎಂಬ ಮುಳುಗಡೆ ಪ್ರದೇಶಕ್ಕೆ ಹೋದರು. ಯುದ್ಧದಿಂದ ಮರಳಿ ಬಂದವರಿಗೆ ಮನೆ ಕಟ್ಟಿಕೊಡುವುದು ಮೊದಲ ಕೆಲಸ.

ಸುಲ್ಲಾದಲ್ಲಿ ಅವರು ಮಾಡಿದ್ದೆಲ್ಲ ಕೈಗೂಡಲಿಲ್ಲ. ವಯಸ್ಕರಿಗೆ ಅಕ್ಷರ ಕಲಿಸಲು ಹೊರಟರು, ಜನ ಸ್ವಲ್ಪ ದಿನ ಬಂದು ಬಿಟ್ಟುಬಿಟ್ಟರು. ಹೊಟ್ಟೆಪಾಡಿಗೆ ಸಂಬಂಧವಿಲ್ಲದ ಪಾಠ ಯಾರಿಗೆ ಬೇಕು? ಆಬೆದ್ ಅವರ ದೊಡ್ಡ ಗುಣ ಎಂದು ನಮಗೆ ಕಾಣುವುದು ಇದು: ಜನ ಬಾರದಿದ್ದಾಗ ಅವರು ಜನರನ್ನು ಬೈಯಲಿಲ್ಲ, ಪಾಠವನ್ನು ಬದಲಾಯಿಸಿದರು. ನಮ್ಮಲ್ಲಿ ಸಭೆಗೆ ಜನ ಬಾರದಿದ್ದರೆ ಬಂದ ಹತ್ತು ಮಂದಿಗೇ ಬೈಗುಳ.

1979 ವಿಶ್ವಸಂಸ್ಥೆಯ ಮಕ್ಕಳ ವರ್ಷ. ಆ ವರ್ಷ ಬ್ರ್ಯಾಕ್‌ನವರು ಭೇದಿಯ ಸಾವನ್ನು ಹಿಡಿದುಕೊಂಡರು. ಪ್ಯಾಕೆಟ್ ಇಲ್ಲದಿದ್ದರೆ ಬೇಡ, ಪ್ರತಿ ಮನೆಯ ಅಡುಗೆಕೋಣೆಯಲ್ಲಿ ಉಪ್ಪು ಉಂಟು, ಬೆಲ್ಲ ಉಂಟು. ಉಮ್ಮನೇ ಮಾಡಲಿ. ಕೆಲವು ವೈದ್ಯರಿಗೆ ಇದು ಸರಿ ಕಾಣಲಿಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅಕ್ಷರ ಬಾರದ ಹೆಂಗಸರು ಅಳತೆ ತಪ್ಪುವುದಿಲ್ಲವೇ ಎಂಬುದು ಅವರ ಹೆದರಿಕೆ. ಹೆದರಿಕೆ ಸುಳ್ಳೂ ಅಲ್ಲ. ಹಾಗಾಗಿ ಅಳತೆಯ ಮೇಲೆಯೇ ಮೊದಲು ತಲೆ ಕೆಡಿಸಿಕೊಂಡರು. ಚಿಟಿಕೆ ಎಂದರೆ ಎಷ್ಟು? ಮೂರು ಬೆರಳು ಸೇರಿಸಿ, ತೋರುಬೆರಳಿನ ಮೊದಲ ಗೆರೆಯ ತನಕ. ಅರ್ಧ ಸೇರು ಎಂದರೆ ಯಾವ ಪಾತ್ರೆ? ಮನೆಯಲ್ಲಿ ಇರುವ ಪಾತ್ರೆಯಲ್ಲೇ ಅಳೆದು ಗುರುತು ಹಾಕಿಕೊಟ್ಟರು. ಉಮ್ಮಂದಿರು ಮಾಡಿದ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಉಪ್ಪಿನ ಪ್ರಮಾಣ ನೋಡಿಸಿದರು.

ದಿನಕ್ಕೆ ಇಪ್ಪತ್ತು ಮನೆಯಿಂದ ಹತ್ತಕ್ಕೆ

ಹಳ್ಳಿಗೆ ಹೋದದ್ದು ಯುವತಿಯರ ತಂಡಗಳು. ಒಂದು ತಂಡದಲ್ಲಿ ಸುಮಾರು ಹದಿನಾಲ್ಕು ಯುವತಿಯರು, ಅಡುಗೆಗೆ ಒಬ್ಬರು, ನೋಡಿಕೊಳ್ಳಲು ಒಬ್ಬ ಗಂಡಸು. ದೊಡ್ಡ ಓದು ಓದಿದವರಲ್ಲ. ಪರ್ದಾ ಪದ್ಧತಿ ಬಿಗಿಯಾಗಿದ್ದ ಆ ಕಾಲದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಊರಿಂದ ಊರಿಗೆ ನಡೆದು ಹೋಗುವುದೇ ದೊಡ್ಡ ವಿಷಯ. ಆದರೆ ಮನೆಯ ಒಳಗೆ ಹೋಗಿ ಉಮ್ಮನ ಪಕ್ಕ ಕೂತುಕೊಳ್ಳಲು ಬೇರೆ ಯಾರಿಂದ ಸಾಧ್ಯ?

ಮೊದಮೊದಲು ಒಬ್ಬೊಬ್ಬಳು ದಿನಕ್ಕೆ ಇಪ್ಪತ್ತು ಮನೆಯ ತನಕ ಹೋಗುತ್ತಿದ್ದಳು. ಲೆಕ್ಕಕ್ಕೆ ಚಂದ. ಆದರೆ ಬೇರೆ ಒಬ್ಬರು ನಂತರ ಅದೇ ಮನೆಗಳಲ್ಲಿ ಕೆಲವನ್ನು ಆರಿಸಿ ಹೋಗಿ ಕೇಳಿದಾಗ ಉಮ್ಮಂದಿರಿಗೆ ಹೆಚ್ಚೇನೂ ನೆನಪಿರಲಿಲ್ಲ. ಆಗ ದಿನಕ್ಕೆ ಹತ್ತು ಮನೆ ಸಾಕು ಎಂದು ಇಳಿಸಿದರು. ಹೇಳಬೇಕಾದ ಅಂಶಗಳು ಮೊದಲು ಹತ್ತು ಇದ್ದವು, ಆಮೇಲೆ ಏಳಕ್ಕೆ ಇಳಿದವು. ಮಾಡಿ ತೋರಿಸುವುದಕ್ಕಿಂತ ಉಮ್ಮನ ಕೈಯಲ್ಲೇ ಮಾಡಿಸಿದರೆ ಹೆಚ್ಚು ಉಳಿಯುತ್ತದೆ ಎಂಬುದನ್ನು ಆ ಯುವತಿಯರೇ ಕಂಡುಕೊಂಡರು. ಊರಿಗೆ ಹೋದ ಕೂಡಲೇ ಭೇದಿಯಾದ ಮಗು ಯಾರ ಮನೆಯಲ್ಲಿ ಉಂಟು ಎಂದು ವಿಚಾರಿಸಿ, ಮೊದಲು ಅಲ್ಲಿಗೆ ಹೋಗಿ ಕುಡಿಸಿ ಗುಣಪಡಿಸಲು ಶುರು ಮಾಡಿದರು. ಒಂದು ಮಗು ಎದ್ದು ಕೂತರೆ ಇಡೀ ಊರು ಕಿವಿ ಕೊಡುತ್ತದೆ. ಇದನ್ನು ಯಾವ ಕಚೇರಿಯೂ ಅವರಿಗೆ ಹೇಳಿಕೊಟ್ಟದ್ದಲ್ಲ, ಬಾಗಿಲಿನಿಂದ ಬಾಗಿಲಿಗೆ ಹೋಗಿ ಕಲಿತದ್ದು.

ಇನ್ನೊಂದು ವ್ಯವಸ್ಥೆ ಉಂಟು, ಅದನ್ನು ಓದಿದಾಗ ನಮಗೆ ನಗುವೂ ಬಂತು, ಸ್ವಲ್ಪ ಬೆವರೂ ಬಂತು. ಆ ಯುವತಿಯರಿಗೆ ಸಂಬಳ ಎಷ್ಟು ಮನೆಗೆ ಹೋದರು ಎಂಬುದರ ಮೇಲೆ ಅಲ್ಲ. ಸುಮಾರು ಒಂದು ತಿಂಗಳ ನಂತರ ಪರೀಕ್ಷಕರು ಬಂದು ಉಮ್ಮಂದಿರ ಹತ್ತಿರ ಕೇಳಿ, ಮಾಡಿಸಿ ನೋಡಿದಾಗ ಎಷ್ಟು ನೆನಪು ಉಳಿದಿದೆಯೋ ಅದರ ಮೇಲೆ. ಚೆನ್ನಾಗಿ ಹೇಳಿದರೆ ಪೂರ್ತಿ, ಅರ್ಧಂಬರ್ಧ ಹೇಳಿದರೆ ಕಡಿಮೆ, ಏನೂ ಇಲ್ಲದಿದ್ದರೆ ಏನೂ ಇಲ್ಲ. ಮದ್ರಸದ ಉಸ್ತಾದರಿಗೂ ಹೀಗೇ ಸಂಬಳ ಎಂದು ಜಮಾಅತ್ ಕಮಿಟಿ ಠರಾವು ಮಾಡಿದರೆ? ಸದ್ಯ ಯಾರೂ ಹಾಗೆ ಮಾಡದಿರಲಿ. ಕಲಿಸುವವರ ಹೊಟ್ಟೆಯ ಮೇಲೆ ಇಷ್ಟು ಭಾರ ಹೇರುವುದು ಸರಿಯೋ ಎಂಬ ಪ್ರಶ್ನೆ ನಮಗೆ ಈಗಲೂ ಉಂಟು. ಕಲಿಯುವವಳು ಮನೆಯ ಕಷ್ಟದಲ್ಲಿ ಮರೆತರೆ ಕಲಿಸಿದವಳು ಎಂತ ಮಾಡುವುದು? ಆದರೆ ಒಂದಂತೂ ನಿಜ. ಕಲಿಸಿದ್ದಕ್ಕೂ ಕಲಿತದ್ದಕ್ಕೂ ನಡುವೆ ಇರುವ ಅಂತರವನ್ನು ಯಾರೋ ಒಬ್ಬರು ಹೋಗಿ ಅಳೆಯಬೇಕು. ಅಲ್ಲಿ ಅಳೆದರು.

ಇಲ್ಮ್ ಇತ್ತು, ಅಮಲ್ ಇರಲಿಲ್ಲ

ಹೀಗೆ ಸುಧಾರಿಸುತ್ತಾ ಹೋದ ಮೇಲೆ ಉಮ್ಮಂದಿರು ಏಳು ಅಂಶ ಪಟಪಟನೆ ಹೇಳಿದರು. ನೀರನ್ನೂ ಸರಿಯಾಗಿ ಕಲಸಿ ತೋರಿಸಿದರು. ಎಲ್ಲರಿಗೂ ಖುಷಿ. ಆಗ ಯಾರೋ ಇನ್ನೊಂದು ಪ್ರಶ್ನೆ ಕೇಳಿದರು: ಮನೆಯಲ್ಲಿ ಮಗುವಿಗೆ ನಿಜವಾಗಿ ಭೇದಿಯಾದಾಗ ಎಷ್ಟು ಮಂದಿ ಇದನ್ನು ಕುಡಿಸಿದ್ದಾರೆ? ಉತ್ತರ ಬಂದಾಗ ಖುಷಿ ಇಳಿಯಿತು. ಗೊತ್ತಿದ್ದವರು ಬಹುತೇಕ ಎಲ್ಲರೂ, ಕುಡಿಸಿದವರು ಕೆಲವರು ಮಾತ್ರ.

ಮದ್ರಸದಲ್ಲಿ ಪಾಠ ಹೇಳುವವರಿಗೆ ಇದು ಹೊಸತಲ್ಲ. ವುಳೂವಿನ ಫರ್ಳ್‌ಗಳನ್ನು ಬೆರಳು ಮಡಚಿ ಒಂದೇ ಉಸಿರಿಗೆ ಒಪ್ಪಿಸುವ ಹುಡುಗ ನಲ್ಲಿಯ ಹತ್ತಿರ ಹೋದಾಗ ಮೊಣಕೈ ಒದ್ದೆಯಾಗದೆ ಓಡಿ ಬರುತ್ತಾನೆ. ಇಲ್ಮ್ ಬೇರೆ, ಅಮಲ್ ಬೇರೆ ಎಂದು ನಾವು ದಿನಾ ಹೇಳುತ್ತೇವೆ. ಆದರೆ ಹೇಳಿದ ಮೇಲೆ ಹುಡುಗನಿಗೆ ಗದರಿಸಿ ಸುಮ್ಮನಾಗುತ್ತೇವೆ. ಬ್ರ್ಯಾಕ್‌ನವರು ಯಾಕೆ ಹೀಗೆ ಎಂದು ಹುಡುಕಿಕೊಂಡು ಹೋದರು. ಮೂರು ಕಾರಣ ಸಿಕ್ಕಿತು, ಮೂರೂ ಕುತೂಹಲದ್ದು.

ಒಂದು, ಹೇಳಿಕೊಟ್ಟ ಯುವತಿಯರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ! ತಮಗೆ ಹೊಟ್ಟೆ ಕೆಟ್ಟರೆ ಅವರು ಮೆಡಿಕಲ್ ಅಂಗಡಿಯ ಮಾತ್ರೆ ನುಂಗುತ್ತಿದ್ದರು. ಉಪ್ಪು ಬೆಲ್ಲದ ನೀರು ಭೇದಿಯನ್ನು ನಿಲ್ಲಿಸುವುದಿಲ್ಲ, ಹೋದ ನೀರನ್ನು ತುಂಬಿಸುತ್ತದೆ ಅಷ್ಟೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಏಳು ಅಂಶ ಬಾಯಿಪಾಠ ಮಾಡಿಸಿದ್ದು ಮಾತ್ರ. ನಂತರ ಅವರನ್ನು ಕರೆಸಿ ಮೈಯ ಒಳಗೆ ಏನಾಗುತ್ತದೆ ಎಂದು ವಿವರಿಸಿದರು. ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿ ಬಂದ ರೋಗಿಗಳು ಬಾಯಿಯಿಂದ ಕುಡಿದೇ ಎದ್ದು ಕೂರುವುದನ್ನು ತೋರಿಸಿದರು. ನಂಬಿಕೆಯಿಲ್ಲದ ನಾಲಿಗೆಯಿಂದ ಬಂದ ಮಾತು ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಖುತ್ಬಾ ಕೇಳುವ ಹಿಂದಿನ ಸಾಲಿನವರನ್ನು ಕೇಳಿ ನೋಡಿ.

ಎರಡು, ಗಂಡಸರು. ಮನೆಮನೆಗೆ ಹೋಗಿ ಹೆಂಗಸರಿಗೆ ಮಾತ್ರ ಹೇಳಿದ್ದರು. ಮನೆಗೆ ಹೊರಗಿನವರು ಬಂದು ಹೋಗುತ್ತಾರೆ, ಏನೋ ಕಲಿಸುತ್ತಾರೆ, ಗಂಡನಿಗೆ, ಮಾವನಿಗೆ ಏನೂ ಗೊತ್ತಿಲ್ಲ. ಮಗುವಿಗೆ ಹುಷಾರಿಲ್ಲದಾಗ ಏನು ಮಾಡಬೇಕೆಂದು ನಿರ್ಧರಿಸುವುದು ಅವರೇ. ‘ಬೆಲ್ಲದ ನೀರಿನಿಂದ ಎಂತ ಆಗುತ್ತದೆ’ ಎಂದು ಒಂದು ಮಾತು ಹೇಳಿದರೆ ಉಮ್ಮನ ಕಲಿಕೆ ಅಲ್ಲಿಗೆ ಮುಗಿಯಿತು. ಹಾಗಾಗಿ ಗಂಡಸರಾದ ಕಾರ್ಯಕರ್ತರು ಮಸೀದಿಗೆ, ಸಂತೆಗೆ, ಶಾಲೆಗೆ ಹೋದರು. ನಮಾಝ್ ಮುಗಿದ ಮೇಲೆ ಗಂಡಸರ ಜೊತೆ ಕೂತು ಮಾತನಾಡಿದರು. ರೇಡಿಯೋದಲ್ಲಿ, ಟಿವಿಯಲ್ಲಿ ಬಂತು. ಬಳಕೆ ಏರಿತು.

ಮೂರನೆಯದು ಪದದ ವಿಷಯ. ನಮಗೆ ಅತಿ ಇಷ್ಟವಾದದ್ದು ಇದೇ. ಕಾರ್ಯಕರ್ತೆಯರು ಪಾಠದಲ್ಲಿ ಬಳಸಿದ ಪದ ‘ಡಾಯೇರಿಯಾ’. ಆದರೆ ಅಲ್ಲಿನ ಹಳ್ಳಿಯ ಉಮ್ಮಂದಿರ ಮಾತಿನಲ್ಲಿ ಡಾಯೇರಿಯಾ ಎಂದರೆ ಕಾಲರಾದಂಥ ನೀರುನೀರಾದ ಭಯಂಕರ ಭೇದಿ ಮಾತ್ರ. ಹಾಲು ಕುಡಿಯುವ ಮಗುವಿನ ಭೇದಿಗೆ ಬೇರೆ ಹೆಸರು, ಅಜೀರ್ಣದ್ದಕ್ಕೆ ಬೇರೆ, ಆಮಶಂಕೆಗೆ ಬೇರೆ. ಹೀಗಾಗಿ ‘ಡಾಯೇರಿಯಾಕ್ಕೆ ಕುಡಿಸಿ’ ಎಂದದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು, ಡಾಯೇರಿಯಾ ಬಂದಾಗ ಮಾತ್ರ ಕುಡಿಸಿದ್ದರು! ಉಳಿದ ಮೂರಕ್ಕೆ ಕುಡಿಸಬೇಕೆಂದು ಅವರಿಗೆ ಹೇಳಿದವರು ಯಾರು? ಉಮ್ಮಂದಿರು ಕೇಳಿದ್ದು ಸರಿಯಾಗಿಯೇ ಇತ್ತು. ಹೇಳಿದವರ ಪದ ಅವರ ಮನೆಯದ್ದಾಗಿರಲಿಲ್ಲ.

ಹೀಗೆ 1980ರಿಂದ 1990ರ ತನಕ ಜಿಲ್ಲೆಯಿಂದ ಜಿಲ್ಲೆಗೆ ಹೋಗಿ 1.2 ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿದರು. ಮೊದಲು ಪರಿಣಾಮ ಆಗುತ್ತದೋ ನೋಡಬೇಕು, ನಂತರ ಕಡಿಮೆ ಖರ್ಚಿನಲ್ಲಿ ಅಚ್ಚುಕಟ್ಟಾಗಿ ಮಾಡಲು ಕಲಿಯಬೇಕು, ಆಮೇಲೆಯೇ ಹಿಗ್ಗಿಸಬೇಕು. ಇದು ಆಬೆದ್ ಅವರ ಕ್ರಮ. ಹಿಗ್ಗಿಸದೆ ಸಣ್ಣದಾಗಿ, ಚಂದವಾಗಿ ಇಟ್ಟುಕೊಳ್ಳುವುದನ್ನೂ ಅವರು ಒಪ್ಪುತ್ತಿರಲಿಲ್ಲ, ಕಷ್ಟ ಕೋಟಿ ಜನರದ್ದಾದರೆ ಕೆಲಸವೂ ಅಷ್ಟೇ ದೊಡ್ಡದಾಗಬೇಕಲ್ಲ. ಮುಂದೆ 1985ರಲ್ಲಿ 22 ಶಾಲೆಗಳಿಂದ ಶುರುವಾದ ಅವರ ಒಂದು ಕೋಣೆಯ ಶಾಲೆಗಳು ಹತ್ತೇ ವರ್ಷದಲ್ಲಿ 30 ಸಾವಿರ ದಾಟಿದ್ದೂ ಇದೇ ಕ್ರಮದಿಂದ. ಸುಮಾರು ಮೂವತ್ತು ಮಕ್ಕಳು, ಊರಿನದ್ದೇ ಒಬ್ಬ ಟೀಚರ್, ಮಕ್ಕಳಲ್ಲಿ ಹೆಚ್ಚಿನವರು ಹುಡುಗಿಯರು.

ಈಗ ಬಾಂಗ್ಲಾದೇಶದಲ್ಲಿ ಪ್ಯಾಕೆಟ್ ಎಲ್ಲಾ ಅಂಗಡಿಯಲ್ಲಿ ಸಿಗುತ್ತದೆ. ಭೇದಿಯಾದ ಹತ್ತು ಮಕ್ಕಳಲ್ಲಿ ಏಳಕ್ಕಿಂತ ಹೆಚ್ಚು ಮಕ್ಕಳಿಗೆ ಕುಡಿಸುತ್ತಾರೆ. ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ ಇನ್ನೂರರಿಂದ ಮೂವತ್ತರ ಆಸುಪಾಸಿಗೆ ಇಳಿದಿದೆ. ಅದಕ್ಕೆ ಲಸಿಕೆ, ಹೆಣ್ಣುಮಕ್ಕಳ ಓದು, ಆದಾಯ ಎಲ್ಲವೂ ಕಾರಣ, ಆದರೆ ಉಪ್ಪು ಬೆಲ್ಲದ ಪಾಲನ್ನು ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಕ್ಕಳಿಗೆ ಮಾತ್ರ ಓಆರ್‌ಎಸ್ ಸಿಕ್ಕಿದೆ.

ಒಂದು ಮಾತು ಬಿಡಿಸಿ ಹೇಳಬೇಕು. ಬ್ರ್ಯಾಕ್‌ನ ಎಲ್ಲಾ ಕೆಲಸ ನಮಗೆ ಒಪ್ಪಿಗೆ ಎಂದು ಇದರ ಅರ್ಥವಲ್ಲ. ಅವರ ಸಾಲ ಯೋಜನೆ ಬಡ್ಡಿಯ ಮೇಲೆ ನಿಂತದ್ದು, ಅದನ್ನು ನಾವು ಒಪ್ಪುವಂತಿಲ್ಲ. ಅವರ ಶಾಲೆಗಳ ಬಗ್ಗೆ 1990ರ ದಶಕದಲ್ಲಿ ಅಲ್ಲಿನ ಕೆಲವು ಧಾರ್ಮಿಕ ಗುಂಪುಗಳ ವಿರೋಧವೂ ಇತ್ತು, ಕೆಲವೆಡೆ ಶಾಲೆಗೆ ಬೆಂಕಿ ಹಚ್ಚಿದ್ದೂ ಉಂಟು. ಬೆಂಕಿ ಹಚ್ಚುವುದನ್ನು ಯಾವ ದೀನ್ ಕಲಿಸುತ್ತದೆ ಎಂದು ಹಚ್ಚಿದವರನ್ನೇ ಕೇಳಬೇಕು. ಒಪ್ಪದ್ದನ್ನು ಬದಿಗಿಟ್ಟು ಒಳ್ಳೆಯದನ್ನು ಹೆಕ್ಕಿಕೊಳ್ಳುವುದಕ್ಕೆ ಅಡ್ಡಿಯೇನಿಲ್ಲ.

ನಮ್ಮ ಮೊಹಲ್ಲಾದ ಲೆಕ್ಕ

ಈಗ ನಮ್ಮ ಕಡೆಗೆ ಬರೋಣ. ಮಾದಕ ವಸ್ತುಗಳ ಬಗ್ಗೆ ನಾವು ಎಲ್ಲಿ ಮಾತನಾಡುತ್ತೇವೆ? ಹೆಚ್ಚಾಗಿ ಜುಮಾದ ನಂತರ ಮಸೀದಿಯಲ್ಲಿ, ಇಲ್ಲದಿದ್ದರೆ ರಾತ್ರಿಯ ಸಭೆಯಲ್ಲಿ. ಕೇಳುವವರು ಗಂಡಸರು. ಅಲ್ಲಿ ಬಾಂಗ್ಲಾದಲ್ಲಿ ಗಂಡಸರು ಬಿಟ್ಟುಹೋದರು, ಇಲ್ಲಿ ನಮ್ಮಲ್ಲಿ ಉಮ್ಮಂದಿರು ಬಿಟ್ಟುಹೋಗಿದ್ದಾರೆ. ಆದರೆ ಮಗ ರಾತ್ರಿ ಎಷ್ಟು ಗಂಟೆಗೆ ಬಂದ, ಊಟ ಮಾಡಿದನಾ ಇಲ್ಲವಾ, ಕಣ್ಣು ಯಾಕೆ ಕೆಂಪಾಗಿದೆ, ಕಪಾಟಿನಿಂದ ದುಡ್ಡು ಯಾಕೆ ಕಡಿಮೆಯಾಯಿತು ಎಂದು ಮೊದಲು ಗೊತ್ತಾಗುವುದು ಉಮ್ಮನಿಗೆ. ಎಷ್ಟೋ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿ, ಅಲ್ಲಿಂದ ಫೋನಿನಲ್ಲಿ ಎಷ್ಟು ಕಾಣುತ್ತದೆ? ಉಮ್ಮನಿಗೆ ಕಾಣುತ್ತದೆ, ಆದರೆ ಕಂಡದ್ದನ್ನು ಯಾರ ಹತ್ತಿರ ಹೇಳುವುದು ಎಂದು ಅವಳಿಗೆ ನಾವು ಹೇಳಿಕೊಟ್ಟಿಲ್ಲ. ಹೇಳಿದರೆ ಮಾನ ಹೋಗುತ್ತದೆ ಎಂದು ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಒಂದು ವರ್ಷದಲ್ಲಿ ಹುಡುಗ ಕೈತಪ್ಪಿ ಹೋಗಿರುತ್ತಾನೆ. ಮೈಕ್ ಹಿಡಿದು ಸಾವಿರ ಜನರಿಗೆ ಹೇಳುವುದಕ್ಕಿಂತ ನಾಲ್ಕೈದು ತಿಳಿವಳಿಕೆಯುಳ್ಳ ಹೆಂಗಸರು ದಿನಕ್ಕೆ ಹತ್ತು ಮನೆಯ ಅಡುಗೆಕೋಣೆಯಲ್ಲಿ ಕೂತು ಮಾತನಾಡುವುದು ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡೀತು ಎಂದು ನಮಗೆ ಅನಿಸುತ್ತದೆ. ಕುಟುಂಬ ಕುಟುಂಬವನ್ನು ಬಲ್ಲ ನಮ್ಮ ಮೊಹಲ್ಲಾಗಳಲ್ಲಿ ಇದು ಕಷ್ಟದ್ದೂ ಅಲ್ಲ.

ಇನ್ನು ವರದಕ್ಷಿಣೆ. ಪದದ ಪಾಠ ಇಲ್ಲಿ ನೇರವಾಗಿ ಬಡಿಯುತ್ತದೆ. ಯಾವ ಮನೆಗೆ ಬೇಕಾದರೂ ಹೋಗಿ ಕೇಳಿ, ‘ವರದಕ್ಷಿಣೆ ತಗೊಂಡಿದ್ದೀರಾ?’ ‘ಅಸ್ತಗ್‌ಫಿರುಲ್ಲಾಹ್, ಒಂದು ಪೈಸೆ ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ ಮಾರಾಯ್ರೆ. ಚಿನ್ನ ‘ಅವರ ಮಗಳಿಗೆ ಅವರು ಹಾಕಿದ್ದು’. ಕಾರು ‘ಗಿಫ್ಟ್’. ಹಾಲ್‌ನ ಖರ್ಚು ‘ಅವರ ಖುಷಿಗೆ ಅವರು ಮಾಡಿದ್ದು’. ವರದಕ್ಷಿಣೆ ಎಂದರೆ ಕವರಿನಲ್ಲಿ ಎಣಿಸಿ ಕೊಡುವ ನಗದು ಎಂಬ ಅರ್ಥದಲ್ಲಿ ನಾವೆಲ್ಲ ನಿಂತಿದ್ದೇವೆ, ಡಾಯೇರಿಯಾ ಎಂದರೆ ಕಾಲರಾ ಎಂದಂತೆ. ವರದಕ್ಷಿಣೆ ನಿಂತಿದೆ ಎಂದು ಠರಾವು ಪುಸ್ತಕ ಹೇಳುತ್ತದೆ, ಮಗಳ ಮದುವೆಗೆ ಮನೆಯ ಜಾಗ ಅಡವಿಟ್ಟವನ ಸಾಲದ ಪತ್ರ ಬೇರೆಯೇ ಹೇಳುತ್ತದೆ. ನಿಕಾಹ್ ರಿಜಿಸ್ಟರ್ ಬರೆಯುವಾಗ ‘ವರದಕ್ಷಿಣೆ ಉಂಟಾ’ ಎಂದು ಕೇಳುವ ಬದಲು ಚಿನ್ನ ಎಷ್ಟು ಪವನ್, ಅದಕ್ಕೆ ಸಾಲ ಎಷ್ಟು, ಊಟದ ಖರ್ಚು ಯಾರದ್ದು ಎಂದು ಕೇಳಿದರೆ ಲೆಕ್ಕ ಬೇರೆಯಾಗಿ ಕಾಣಬಹುದು. ಗುಟ್ಟು ಗುಟ್ಟಾಗಿಯೇ ಇರಲಿ, ಹೆಸರು ಹೊರಗೆ ಹೋಗುವುದು ಬೇಡ. ಲೆಕ್ಕ ಮಾತ್ರ ಸಿಗಲಿ.

ಮತ್ತೆ, ಭಾಷಣ ಮಾಡುವವರಿಗೇ ನಂಬಿಕೆ ಇಲ್ಲದಿದ್ದರೆ? ದುಂದುವೆಚ್ಚ ಬೇಡ ಎಂದು ವೇದಿಕೆಯಲ್ಲಿ ಹೇಳಿದವರ ಮಗನ ಮದುವೆಯ ಊಟಕ್ಕೆ ಎಷ್ಟು ಬಗೆ ಇತ್ತು ಎಂಬುದನ್ನು ಊರು ಮರೆಯುವುದಿಲ್ಲ. ಇದಕ್ಕೆ ಹೆಚ್ಚು ವಿವರಣೆ ಬೇಕಾಗಿಲ್ಲ.

ಯಾರಾದರೂ ಕೇಳಬಹುದು, ಇದಕ್ಕೆಲ್ಲ ದುಡ್ಡು ಎಲ್ಲಿ, ಜನ ಎಲ್ಲಿ ಎಂದು. ಒಂದು ದೊಡ್ಡ ಸಭೆಯ ಶಾಮಿಯಾನ, ಮೈಕ್, ಊಟದ ಖರ್ಚಿನಲ್ಲಿ ಐದು ಮಂದಿಗೆ ಮೂರು ತಿಂಗಳು ಮನೆಮನೆಗೆ ಹೋಗಿ ಬರುವ ಖರ್ಚು ಸಿಗುತ್ತದೆ. ಎಲ್ಲಾ ಮೊಹಲ್ಲಾಗಳಲ್ಲಿ ಒಟ್ಟಿಗೆ ಶುರು ಮಾಡುವುದೂ ಬೇಡ. ನೂರೋ ನೂರೈವತ್ತೋ ಮನೆ ಇರುವ ಒಂದು ಸಣ್ಣ ಜಮಾಅತ್ ಸಾಕು. ಒಂದು ವಿಷಯ ಹಿಡಿದುಕೊಳ್ಳಲಿ. ತಿಂಗಳು ಕಳೆದ ಮೇಲೆ ಹೇಳಿದವರನ್ನು ಬಿಟ್ಟು ಬೇರೆಯವರು ಹೋಗಿ ಹತ್ತರಲ್ಲಿ ಒಂದು ಮನೆ ಆರಿಸಿ ಕೇಳಲಿ. ಬಂದ ಉತ್ತರ ಚೆನ್ನಾಗಿಲ್ಲದಿದ್ದರೆ ಅದನ್ನೇ ಕಮಿಟಿಯಲ್ಲಿ ಓದಿ ಹೇಳಲಿ. ಅದು ಕಷ್ಟದ ಕೆಲಸ, ಒಪ್ಪುತ್ತೇವೆ. ಚೆನ್ನಾಗಿಲ್ಲದ ವರದಿಯನ್ನು ಜನರಲ್ ಬಾಡಿಯಲ್ಲಿ ಓದುವ ಕಾರ್ಯದರ್ಶಿಯನ್ನು ನಾವಿನ್ನೂ ನೋಡಿಲ್ಲ. ಇನ್‌ಶಾ ಅಲ್ಲಾಹ್, ನೋಡುವ ಆಸೆ ಉಂಟು.

ಮನೆಯವರ ಗಮನಕ್ಕೆ

ಮಳೆಗಾಲದಲ್ಲಿ ಬಾವಿ ತುಂಬಿ ಕೊಳಕು ನೀರು ಸೇರುವಾಗ ನಮ್ಮಲ್ಲೂ ಮಕ್ಕಳಿಗೆ ಹೊಟ್ಟೆ ಹೋಗುವುದು ಸಾಮಾನ್ಯ. ಈಗ ಅಳತೆ ತಪ್ಪುವ ಹೆದರಿಕೆ ಬೇಡ, ಓಆರ್‌ಎಸ್ ಪ್ಯಾಕೆಟ್ ಆಶಾ ಕಾರ್ಯಕರ್ತೆಯರ ಹತ್ತಿರ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಸಣ್ಣದಾದರೆ ಅದರ ಮೇಲೆ ಬರೆದಷ್ಟೇ ನೀರಿಗೆ. ಅರ್ಧ ಪ್ಯಾಕೆಟ್ ಹಾಕಿ ಅಂದಾಜಿನಲ್ಲಿ ಕಲಸಬೇಡಿ. ಕುದಿಸಿ ಆರಿಸಿದ ನೀರು ಒಳ್ಳೆಯದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ, ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಅದರ ಜೊತೆ ಡಾಕ್ಟರು ಅಥವಾ ಆಶಾ ಕಾರ್ಯಕರ್ತೆ ಕೊಡುವ ಝಿಂಕ್ ಮಾತ್ರೆಯನ್ನು, ಭೇದಿ ಎರಡು ದಿನದಲ್ಲಿ ನಿಂತರೂ, 14 ದಿನ ಕೊಡಬೇಕು. ಅಂಗಡಿಯಲ್ಲಿ ಸಿಗುವ ಸಿಹಿ ಜ್ಯೂಸ್ ಪೊಟ್ಟಣಗಳು, ಸೋಡ, ಶರಬತ್ತು ಓಆರ್‌ಎಸ್ ಅಲ್ಲ, ಅವುಗಳಲ್ಲಿ ಸಕ್ಕರೆ ಹೆಚ್ಚು, ಭೇದಿ ಜಾಸ್ತಿಯಾಗಬಹುದು.

ಮಗು ಕುಡಿಯಲು ಆಗದಷ್ಟು ಸುಸ್ತಾದರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಹಿಂದೆ ಹೋದರೆ, ಆರು ಗಂಟೆಯಿಂದ ಮೂತ್ರ ಮಾಡದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಾರಿಯಲ್ಲೂ ಚಮಚದಲ್ಲಿ ಕುಡಿಸುತ್ತಾ ಹೋಗಿ.